ಆರಿಸಿದ ಕರ್ಪೂರ

ನಮ್ಮ ಮೇಡಂಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಯಾರಾದರೂ ಮಾತಿಗೆ ಕೂತರೆ ಎಡಗಿವಿಯನ್ನು ಅವರ ಬಾಯಿಯ ಹತ್ತಿರಕ್ಕೆ ತಂದು, ಕತ್ತು ವಾಲಿಸಿ, ಕಣ್ಣನ್ನು ನೆಲಕ್ಕೆ ನೆಟ್ಟು ಕೇಳುತ್ತಿದ್ದರು. ವರ್ಷಗಟ್ಟಲೆ ಹಾಗೆ ವಾಲಿ ವಾಲಿ ಎಡಭುಜವೇ ಇಳಿದುಹೋಗಿತ್ತು. ಹಿಂದಿನಿಂದ ನೋಡಿದರೆ ಒಂದು ಕೈಯಲ್ಲಿ ತುಂಬಿದ ಬಿಂದಿಗೆ ಹಿಡಿದು ನಡೆಯುವವರ ಹಾಗೆ ಕಾಣುತ್ತಿದ್ದರು. ಹಳ್ಳಿಯ ಹೆಂಗಸರಿಗೆ ಕಿವಿಯ ಸಂಗತಿ ಎಲ್ಲಿ ಗೊತ್ತು? ಇಷ್ಟು ಓದಿದವರು ತಮ್ಮ ಮಾತಿಗೆ ಇಷ್ಟೊಂದು ಬಾಗುತ್ತಾರಲ್ಲ ಎಂದು ಕರಗಿ, ಒಡಹುಟ್ಟಿದವರಿಗೂ ಹೇಳದ್ದನ್ನು ಆ ಕಿವಿಗೆ ಹೇಳಿಬಿಡುತ್ತಿದ್ದರು. ನಾನು ಇದನ್ನು ಎತ್ತಿ ಆಡಿ ನಕ್ಕರೆ, "ಎರಡೂ ಕಿವಿ ನೆಟ್ಟಗಿದ್ದಿದ್ರೆ ನನಗೆ ಪಿಎಚ್.ಡಿ.ನೇ ಸಿಗ್ತಿರಲಿಲ್ಲ ಕಣೇ" ಎನ್ನುತ್ತಿದ್ದರು.

ಅವರು ಯಳಂದೂರಿನವರು. ಮೈಸೂರಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದರು. ಜೊತೆಯ ಪ್ರಾಧ್ಯಾಪಕರೆಲ್ಲ ದೆಹಲಿ, ಬೆಂಗಳೂರುಗಳ ರಾಜಕೀಯ ಬರೆದು ದೊಡ್ಡವರಾಗುತ್ತಿದ್ದಾಗ ಇವರು ಕೊಳ್ಳೇಗಾಲ, ಹನೂರು, ಯಳಂದೂರು ಎಂದು ಬಸ್ಸು ಹತ್ತಿ ಇಳಿಯುತ್ತಿದ್ದರು. ನಮ್ಮ ಸೀಮೆಯ ಪಂಚಾಯಿತಿಗಳಲ್ಲಿ ಗೆದ್ದ ಹೆಂಗಸರು ಗೆದ್ದ ಮೇಲೆ ಏನಾಗುತ್ತಾರೆ ಎಂಬುದೊಂದೇ ಅವರ ಜೀವಮಾನದ ಪ್ರಶ್ನೆ. ನಾನು ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯ ಹುಡುಗಿ. ಎಂ.ಎ. ಮುಗಿಸಿ ಅವರ ಕೈಕೆಳಗೆ ಸಂಶೋಧನಾ ಸಹಾಯಕಿಯಾಗಿ ಸೇರಿದೆ. ಅಪ್ಪ ಲಾಳಿ ನಿಲ್ಲಿಸಿ ಕೇಳಿದ್ದರು: "ಪಂಚಾಯ್ತಿ ಎಂಗುಸ್ರು ವಿಚಾರ ತಿಳ್ಕಳಾಕೆ ಮೈಸೂರಿಂದ ಬತ್ತಾರಾ? ನಿಮ್ಮವ್ವನ ಕೇಳುದ್ರೆ ಪುಕ್ಕಟೆ ಯೇಳಾಳು." ಮೇಡಂಗೆ ಇದನ್ನು ಹೇಳಿದೆ. ಮುಂದಿನ ವಾರವೇ ನಮ್ಮ ಮನೆಗೆ ಬಂದು ಅವ್ವನ ಎದುರು ಎಡಗಿವಿ ಕೊಟ್ಟು ಕೂತರು. ಅಪ್ಪ ಆಮೇಲೆ ಅವರ ಬಗ್ಗೆ ತಮಾಷೆ ಮಾಡಲಿಲ್ಲ.

ಅವರು ನನಗೆ ಕಲಿಸಿದ ಮೊದಲ ಪಾಠ ಕುರ್ಚಿಯದು. "ಅಂಕಿ ಸಂಖ್ಯೆ ಆಮೇಲೆ. ಮೊದಲು ಯಾರು ಎಲ್ಲಿ ಕೂತಿದ್ದಾರೆ ನೋಡು." ಪಂಚಾಯಿತಿ ಸಭೆಗೆ ಹೋದರೆ ಗೆದ್ದ ಹೆಂಗಸರು ಬಾಗಿಲ ಪಕ್ಕ ನಿಂತಿರುತ್ತಿದ್ದರು, ಇಲ್ಲವೇ ಗೋಡೆಗೊರಗಿ ಚಾಪೆಯ ಮೇಲೆ. ಅವರ ಹೆಸರಿನ ಕುರ್ಚಿಯಲ್ಲಿ ಗಂಡ, ಮೈದುನ, ಕೆಲವು ಕಡೆ ಮಾವ. ಸಬಲೀಕರಣ ಎಂಬ ಪದ ಕಂಡರೆ ಮೇಡಂಗೆ ಮೈಯೆಲ್ಲ ಉರಿ. ನನ್ನ ಕರಡಿನಲ್ಲಿ ಅದನ್ನು ನೋಡಿ, "ಇನ್ನೊಂದು ಸಲ ಇದನ್ನ ಬರೆದರೆ ಪೆನ್ನು ಕಿತ್ಕೋತೀನಿ. ಅವಳು ಕೂತಳಾ, ನಿಂತಿದ್ದಳಾ, ಅದನ್ನ ಬರಿ" ಎಂದಿದ್ದರು.

ಎರಡನೆಯ ಪಾಠ ಹಿತ್ತಲಿನದು. ಯಾವ ಮನೆಗೆ ಹೋದರೂ ಗಂಡಸರು ಮುಂದೆ ಬಂದು ಕೂತು, ಹೆಂಡತಿಗೆ ಕೇಳಿದ ಪ್ರಶ್ನೆಗೆ ತಾವೇ ಉತ್ತರ ಕೊಡುತ್ತಿದ್ದರು. ಮೇಡಂ ಅದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ನನ್ನ ಕೈಯಲ್ಲಿ ಬರೆಸಿ, ಆಮೇಲೆ ಎದ್ದು, "ಕಾಲೆಲ್ಲ ಧೂಳಾಗ್ಬುಟ್ಟದೆ, ಒಂಚೂರು ನೀರ್ ಕೊಡವ್ವ" ಎಂದು ಹೆಂಗಸಿನ ಹಿಂದೆಯೇ ಹಿತ್ತಲಿಗೆ ಹೊರಟುಬಿಡುತ್ತಿದ್ದರು. ಗಂಡಸರು ಅಲ್ಲಿಗೆ ಬರುತ್ತಿರಲಿಲ್ಲ. ನಿಜವಾದ ಸಂದರ್ಶನ ನಡೆಯುತ್ತಿದ್ದದ್ದು ಅಲ್ಲಿ, ಒಲೆ ಬೂದಿಯ ಪಕ್ಕ, ಕೋಳಿಗಳ ನಡುವೆ. ಅವರು ಕಾಲು ತೊಳೆದಷ್ಟು ಸಲ ನಮ್ಮ ಕಡೆ ಯಾವ ಮದುಮಗನೂ ತೊಳೆಸಿಕೊಂಡಿರಲಿಕ್ಕಿಲ್ಲ.

ಮೂರನೆಯದು ಪಾಠವಲ್ಲ, ಹಟ. ಹೇಳಿದವರ ಹೆಸರು ಬದಲಾಯಿಸು, ಊರು ಬದಲಾಯಿಸು, ಅವರ ಮಾತನ್ನು ಮಾತ್ರ ಮುಟ್ಟಬೇಡ. ಹಳ್ಳಿಯ ಹೆಂಗಸಿನ ಮಾತನ್ನು ತಿದ್ದಿ ಪುಸ್ತಕದ ಕನ್ನಡ ಮಾಡಿದರೆ ಅವಳನ್ನು ಇನ್ನೊಮ್ಮೆ ಬಾಗಿಲ ಹತ್ತಿರ ನಿಲ್ಲಿಸಿದ ಹಾಗೆ ಎನ್ನುತ್ತಿದ್ದರು. ನನಗೆ ಅದು ಎಷ್ಟು ಸರಿ ಅನಿಸಿತ್ತೆಂದರೆ, ಅದರಿಂದ ಕೆಡುಕಾಗಬಹುದು ಎಂಬ ಯೋಚನೆಯೇ ನಮ್ಮಿಬ್ಬರಿಗೂ ಬರಲಿಲ್ಲ.

ಹನೂರಿನಿಂದ ಅಜ್ಜೀಪುರದ ದಾರಿಯಲ್ಲಿ ಹೋಗಿ ಒಳಕ್ಕೆ ತಿರುಗಿದರೆ ಒಂದು ಊರಿದೆ. ಅಲ್ಲಿಯ ಪಂಚಾಯಿತಿಯ ಅಧ್ಯಕ್ಷಗಿರಿ ಹೆಂಗಸರಿಗೆ ಮೀಸಲಾದಾಗ ಊರಿನ ಜಮೀನುದಾರನೊಬ್ಬ ತನ್ನ ಹೆಂಡತಿಯನ್ನು ನಿಲ್ಲಿಸಿ ಗೆಲ್ಲಿಸಿದ್ದ. ಆಕೆ ಪಾಲಾರ್ ಗಡಿಯಾಚೆಯ ತಮಿಳು ಮಾತಿನ ಮನೆಯಿಂದ ಬಂದವರು. ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಆದರೆ ನೀರಿಗೆ ಮಾತ್ರ ತವರಿನ ಹಾಗೆ 'ತಣ್ಣಿ' ಎಂದೇ ಅನ್ನುತ್ತಿದ್ದರು. ಊರವರು ಅದಕ್ಕೆ ಆಡಿಕೊಂಡು ನಗುತ್ತಿದ್ದರು. ನಾವು ಹೋದ ದಿನ ಗಂಡ ಪಂಚಾಯಿತಿಯ ಕೆಲಸಗಳನ್ನೆಲ್ಲ ವರ್ಣಿಸಿ ಮುಗಿಸಿದ ಮೇಲೆ ಮೇಡಂ ಕಾಲು ತೊಳೆಯಲು ಹೊರಟರು. ನಾನೂ ಹಿಂದೆ ಹೋದೆ.

ಅಧ್ಯಕ್ಷೆ ಚೊಂಬಿನಿಂದ ನೀರು ಹಾಕುತ್ತ ಸಣ್ಣ ದನಿಯಲ್ಲಿ ಹೇಳಿದರು: "ಸಭೇಲಿ ಕುರ್ಚಿ ಮ್ಯಾಲೆ ಅವ್ರು ಕೂತ್ಕತಾರೆ, ನಾನು ಬಾಗ್ಲತ್ರ ನಿಂತ್ಕತೀನಿ. ಸೈನ್ ಆಕು ಅಂದ್ರೆ ಆಕ್ತೀನಿ. ಆ ಕಡೆ ಕೇರಿಗೆ ಅಂತ ಬಂದ ಬೋರ್‌ವೆಲ್ಲ ನಮ್ಮ ಒಲದ ಬದೀಗೆ ಆಕುಸ್ಕಂಡ್ರು. ಕೇರಿ ಎಂಗುಸ್ರು ಕೊಡ ತಕಂಡು ನನ್ ಮುಂದೆ ನಿಂತ್ಕಂಡು ತಣ್ಣಿ ಇಲ್ಲ ಕಣಕ್ಕ ಅಂತವ್ರೆ. ನಾನು ಏನ್ ಯೇಳ್ಲಿ?" ಮೇಡಂ ತೊಳೆದ ಕಾಲನ್ನೇ ಮತ್ತೆ ಮತ್ತೆ ತೊಳೆಯುತ್ತ ಕೇಳಿಸಿಕೊಂಡರು. ಕೊನೆಗೆ, "ನೀವು ಹೇಳಿದ್ದು ಬರೀಬಹುದಾ?" ಎಂದು ಕೇಳಿದರು. ಕೇಳದೆ ಒಂದಕ್ಷರ ಬರೆದವರಲ್ಲ. "ಎಸ್ರು ಬ್ಯಾಡ, ಬರೀರಿ" ಎಂದರು ಆಕೆ.

ಲೇಖನ ಕನ್ನಡದ ಒಂದು ಸಂಶೋಧನಾ ಪತ್ರಿಕೆಯಲ್ಲಿ ಬಂತು. ಹೆಸರು ಬೇರೆ, ಊರು ಬೇರೆ, ಮಾತು ಇದ್ದ ಹಾಗೇ. ಅಂಥ ಪತ್ರಿಕೆಯನ್ನು ಬರೆದವರು ಬಿಟ್ಟು ಇನ್ನಾರೂ ಓದುವುದಿಲ್ಲ ಎಂದು ನಾವು ನಗುತ್ತಿದ್ದೆವು. ಆದರೆ ಯಾರೋ ಒಬ್ಬ ಉಪನ್ಯಾಸಕರು ಆ ಪುಟದ ಫೋಟೋ ತೆಗೆದು ಮೊಬೈಲಿನಲ್ಲಿ ಹಂಚಿದರು. ಅದು ಹನೂರು, ಬಂಡಳ್ಳಿ ಸುತ್ತಿ ಆ ಊರಿಗೂ ತಲುಪಿತು. ಆ ಸುತ್ತಿನಲ್ಲಿ ತಣ್ಣಿ ಎನ್ನುವ ಅಧ್ಯಕ್ಷೆ ಇದ್ದದ್ದು ಒಬ್ಬರೇ. ಗಂಡನ ಎದುರು ಪಾರ್ಟಿಯವರು ಅದನ್ನು ಜೆರಾಕ್ಸ್ ಮಾಡಿಸಿ ಪಂಚಾಯಿತಿ ಗೋಡೆಗೆ ಅಂಟಿಸಿದರು. ಅವರಿಗೆ ಕೇರಿಯ ನೀರೂ ಬೇಕಿರಲಿಲ್ಲ, ಆಕೆಯ ಮಾನವೂ ಬೇಕಿರಲಿಲ್ಲ, ಆತನ ಕುರ್ಚಿ ಬೇಕಿತ್ತು.

ಗಂಡನ ಫೋನು ಮೇಡಂಗೇ ಬಂತು. "ನಾಳೆ ಮಾದಪ್ಪನ ಗುಡಿ ತಾವ ನ್ಯಾಯ ಸೇರ್ತದೆ, ಬನ್ನಿ. ನೀವ್ ಬರ್ದದ್ದು ನೀವೇ ಬಂದು ಯೇಳೋಗಿ." ಮೇಡಂ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಲೇಖನವನ್ನು ಮತ್ತೆ ಓದಿದರು, ಆ ಒಂದು ಪದದ ಮೇಲೆ ಬೆರಳಿಟ್ಟರು. "ಮಾತು ಮುಟ್ಟಬಾರದು ಅಂದೆ ನೋಡು" ಎಂದರು, ಅಷ್ಟೇ.

ನಮ್ಮ ಕಡೆ ಹಳ್ಳಿಯ ನ್ಯಾಯಕ್ಕೆ ಒಂದು ಕ್ರಮವಿದೆ. ಮಾತು ಬಗೆಹರಿಯದಿದ್ದರೆ ದೇವರ ಮುಂದೆ ಕರ್ಪೂರ ಹಚ್ಚುತ್ತಾರೆ. ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ ಆಣೆಯಿಟ್ಟರೆ ಆ ಮಾತು ಮುಗಿಯಿತು, ಅದರ ಮೇಲೆ ಯಾರೂ ಮಾತಾಡುವ ಹಾಗಿಲ್ಲ. ಸುಳ್ಳು ಆಣೆ ಇಟ್ಟವರ ವಂಶ ಮಾದಪ್ಪ ಉಳಿಸುವುದಿಲ್ಲ ಎಂದು ನಂಬಿಕೆ. ನಾವು ಹೋಗುವ ಹೊತ್ತಿಗೆ ಗುಡಿಯ ಮುಂದಿನ ಕಲ್ಲಿನ ಮೇಲೆ ಕರ್ಪೂರ ಇಟ್ಟಾಗಿತ್ತು. ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಗಂಡಸರೆಲ್ಲ ಜಗಲಿಯ ಮೇಲೆ, ಹೆಂಗಸರು ದೂರದಲ್ಲಿ. ಅಧ್ಯಕ್ಷೆ ಒಬ್ಬರೇ ನಡುವೆ ನಿಂತಿದ್ದರು, ಪುಟ್ಟ ಮಗಳು ಸೆರಗು ಹಿಡಿದುಕೊಂಡಿದ್ದಳು.

ಊರ ಯಜಮಾನರು ಹೇಳಿದರು: "ನೋಡವ್ವ, ಯೇಳಿಲ್ಲ ಅನ್ನಂಗಿದ್ರೆ ಕರ್ಪೂರ ಆರ್ಸು, ಮನೆಗೆ ನಡಿ, ಇವತ್ತಿಗೆ ಮುಗೀತು. ಯೇಳಿದ್ದೆ ಅನ್ನಂಗಿದ್ರೆ ನಿಮ್ಮವ್ವನ ಮನೆ ದಾರಿ ಗೊತ್ತಲ್ಲ, ನಿನ್ ಗಂಡ ಬುಡ್ತೀನಿ ಅಂತವ್ನೆ." ಯಾರೋ ಬೆಂಕಿ ಕಡ್ಡಿ ಗೀರಿದರು. ಕರ್ಪೂರ ಹತ್ತಿಕೊಂಡಿತು.

ಆಕೆ ಕರ್ಪೂರ ನೋಡಿದರು, ಗುಡಿಯ ಕಡೆ ನೋಡಿದರು, ಬಾಯಿ ತೆರೆದರು.

ಅಷ್ಟರಲ್ಲಿ ನನ್ನ ಪಕ್ಕ ನಿಂತಿದ್ದ ಮೇಡಂ ಮುಂದೆ ನುಗ್ಗಿ, ಬಗ್ಗಿ, ಉರಿಯುವ ಕರ್ಪೂರದ ಮೇಲೆ ಅಂಗೈ ಬಡಿದರು. ಚಟ್ ಎಂದಿತು. "ಅವರು ಏನೂ ಹೇಳಿಲ್ಲ. ಎಲ್ಲಾ ನಾನೇ ಕಟ್ಟಿ ಬರೆದದ್ದು. ಮಾದಪ್ಪನಾಣೆ" ಎಂದರು. ದೇವರಿಗೆ ಕೈ ಮುಗಿಯುವುದನ್ನೇ ಬಿಟ್ಟಿದ್ದವರು, ಎಂದೂ ಒಂದು ಸುಳ್ಳು ಉದ್ಧರಣೆ ಬರೆಯದವರು, ಒಂದೇ ಏಟಿಗೆ ಎರಡನ್ನೂ ಮುರಿದರು. ಜಗಲಿಯ ಮೇಲೆ ನಗು ಎದ್ದಿತು. "ನೋಡಿದ್ರಾ ಓದ್ದೋರ ಬುದ್ಧಿಯ?" ಎಂದ ಗಂಡ, ಹೆಂಡತಿಯ ತೋಳು ಹಿಡಿದುಕೊಂಡು ಮನೆಯ ಕಡೆ ಹೊರಟ. ಆಕೆ ತಿರುಗಿ ಮೇಡಂ ಮುಖ ನೋಡಿದರು. ಆ ನೋಟದಲ್ಲಿ ಉಪಕಾರದ ಸುಳಿವಿರಲಿಲ್ಲ. ಏನಿತ್ತು ಎಂದು ನನಗೆ ಆಗ ತಿಳಿಯಲಿಲ್ಲ.

ಹನೂರಿನ ಬಸ್‌ಸ್ಟ್ಯಾಂಡಿನಲ್ಲಿ ಟೀ ಅಂಗಡಿಯವನು ಕೊಟ್ಟ ತಣ್ಣನೆಯ ಸೋಡಾ ಬಾಟಲಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಮೇಡಂ ಕೂತಿದ್ದರು. ನನ್ನ ಕಡೆ ತಿರುಗಿ ಕೇಳಿದರು:

"ಅವಳು ಬಾಯಿ ತೆರೆದಿದ್ದಳು ಅಲ್ವೇನೇ?"

"ಹೌದು ಮೇಡಂ."

"ಏನು ಹೇಳೋಕೆ?"

"ಗೊತ್ತಾಗಲಿಲ್ಲ ಮೇಡಂ."

ಮೇಡಂ ಕರ್ಪೂರ ಬಡಿದದ್ದನ್ನು ಗುಂಪಿನಲ್ಲಿದ್ದ ಒಬ್ಬ ವಿಡಿಯೋ ಮಾಡಿಕೊಂಡಿದ್ದ. ಅದು ಲೇಖನಕ್ಕಿಂತ ಬೇಗ ಓಡಿತು. ಪ್ರಾಧ್ಯಾಪಕಿಯೊಬ್ಬರು ಹೆಂಗಸರ ಮಾತನ್ನು ಕಟ್ಟಿ ಬರೆದಿದ್ದೇನೆಂದು ತಾವೇ ಒಪ್ಪಿಕೊಂಡಿದ್ದಾರೆ ಎಂದು ಮೈಸೂರಿನಲ್ಲಿ ವಿಚಾರಣೆ ಕೂತಿತು. ನಾನು ಅಳುತ್ತ ಹೋಗಿ, "ನಾನೂ ಕೇಳಿಸಿಕೊಂಡಿದ್ದೆ ಅಂತ ಹೇಳ್ತೀನಿ ಮೇಡಂ" ಎಂದೆ. ಅವರಿಗೆ ನನ್ನ ಮೇಲೆ ಅಷ್ಟು ಸಿಟ್ಟು ಬಂದದ್ದು ಅದೊಂದೇ ಸಲ. ಸಿಟ್ಟು ಬಂದರೆ ಅವರ ಬಾಯಲ್ಲಿ ಯಳಂದೂರು ಬರುತ್ತಿತ್ತು. "ನೀನು ಬಾಯಿ ಬುಟ್ರೆ ಅವ್ಳು ಮನೆ ಬುಡ್ಬೇಕು, ತಿಳೀತಾ? ಸುಮ್ಕಿರು." ವಿಚಾರಣೆಯಲ್ಲಿ ಕೇಳಿದ್ದಕ್ಕೆಲ್ಲ ಹೌದು ಎಂದರು. ಅಚ್ಚಿಗೆ ಹೋಗಿದ್ದ ಪುಸ್ತಕ ನಿಂತಿತು. ಹಿಂದಿನ ಕೆಲಸವೆಲ್ಲ ಅನುಮಾನಕ್ಕೆ ಬಿತ್ತು. ಅವರು ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಯಳಂದೂರಿಗೆ, ತಂಗಿಯ ಮನೆಗೆ ಬಂದರು.

ನಾನು ಭಾನುವಾರಗಳಂದು ಕೊಳ್ಳೇಗಾಲದಿಂದ ಹೋಗುತ್ತಿದ್ದೆ. ಮೊದಮೊದಲು ಮಾತಾಡುತ್ತಿದ್ದರು, ಬೈಯುತ್ತಿದ್ದರು, ನಾನು ಬರೆದದ್ದನ್ನು ತಿದ್ದುತ್ತಿದ್ದರು. ವರ್ಷಗಳು ಕಳೆದ ಹಾಗೆ ಅದು ಕಡಿಮೆಯಾಯಿತು. ತಂಗಿ ದೇವರ ಮನೆಯಲ್ಲಿ ಮಂಗಳಾರತಿಗೆ ಕರ್ಪೂರ ಹಚ್ಚಿದರೆ ಇವರು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಸುಳ್ಳು ಆಣೆಯ ಭಯ ಹಿಡಿದಿದೆ ಎಂದು ತಂಗಿ ಅಂದುಕೊಂಡಿದ್ದರು, ಮಾದಪ್ಪನ ಬೆಟ್ಟಕ್ಕೆ ಹೋಗಿ ತಪ್ಪು ಕಾಣಿಕೆ ಹಾಕಿ ಬರೋಣ ಎಂದು ಕರೆಯುತ್ತಿದ್ದರು. ನನ್ನ ಹತ್ತಿರ ಮೇಡಂ ಹೇಳಿದ್ದು ಬೇರೆ. "ಮಾದಪ್ಪ ನನ್ನ ಏನೂ ಮಾಡಲ್ಲ ಕಣೇ. ಅವಳ ಬಾಯಿ ತೆರೆದಿತ್ತಲ್ಲ, ಅದು ಮುಚ್ಚಲೊಲ್ಲದು."

ಒಂದು ಮಧ್ಯಾಹ್ನ ನಾನು ಹೋದಾಗ ಅವರು ಕಿಟಕಿಯ ಬಳಿ ಕೂತಿದ್ದರು, ಕತ್ತು ವಾಲಿಸಿಕೊಂಡು. ನೋಡುತ್ತಿದ್ದ ಹಾಗೆ ಏನೋ ಸರಿಯಿಲ್ಲ ಅನಿಸಿತು. ಜೀವಮಾನವಿಡೀ ಎಡಕ್ಕೆ ವಾಲಿದವರು ಅವತ್ತು ಬಲಕ್ಕೆ ವಾಲಿದ್ದರು. ಕೇಳಿಸದ ಕಿವಿಯನ್ನು ಖಾಲಿ ಬಾಗಿಲಿಗೆ ಕೊಟ್ಟು ಕೂತಿದ್ದರು. ನಾನು ಕರೆದೆ. ಕೈಯೆತ್ತಿ ಸುಮ್ಮನಿರು ಎಂದರು.

"ಈ ಕಿವೀಲೇ ಅವಳು ಮಾತಾಡೋದು."

"ಏನಂತಾರೆ ಮೇಡಂ?"

"ಅದೇ ಗೊತ್ತಾಗ್ತಿಲ್ಲ. ಶುರು ಮಾಡ್ತಾಳೆ. ಅಷ್ಟರಲ್ಲಿ ಚಟ್ ಅಂತ ಸದ್ದಾಗುತ್ತೆ."

"ಹೋಗಿ ಕೇಳಿಬಿಡೋಣ ಬನ್ನಿ" ಎಂದು ನಾನೇ ಹೊರಡಿಸಿದೆ. ಯಳಂದೂರಿನಿಂದ ಕೊಳ್ಳೇಗಾಲ, ಅಲ್ಲಿಂದ ಹನೂರು. ಹನೂರಿನಲ್ಲಿ ಇಳಿದು ಆಟೋ ಹತ್ತುವ ಹೊತ್ತಿಗೆ ನನ್ನ ಕೈ ಹಿಡಿದುಕೊಂಡರು. "ಬೇಡ ಕಣೇ. ಇಲ್ಲ ಅನ್ನೋಕೆ ಬಾಯಿ ತೆರೆದಿದ್ರೆ ನಾನು ಸುಮ್ಮನೆ ಹಾಳಾದೆ. ಅದನ್ನ ತಡ್ಕೋಬಹುದು. ಹೌದು ಅನ್ನೋಕೆ ತೆರೆದಿದ್ರೆ?" ಬಸ್‌ಸ್ಟ್ಯಾಂಡಿನ ಜನ ನೋಡುತ್ತಿದ್ದ ಹಾಗೆ ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ, ನನಗೂ ತಡೆಯಲಾಗಲಿಲ್ಲ. ಬಂದ ದಾರಿಯಲ್ಲೇ ವಾಪಸಾದೆವು.

ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಹಾಸಿಗೆ ಹಿಡಿದ ಮೇಲೆ ನನ್ನ ಗುರುತು ಒಮ್ಮೆ ಹತ್ತುತ್ತಿತ್ತು, ಒಮ್ಮೆ ಇಲ್ಲ. ಬಾಗಿಲ ಕಡೆ ನೋಡಿ, "ಅಲ್ಲೇ ಯಾಕೆ ನಿಂತಿದ್ದೀಯವ್ವ, ಒಳಗೆ ಬಾ, ಕುರ್ಚಿ ಅದೆ, ಕೂತ್ಕೊ" ಎನ್ನುತ್ತಿದ್ದರು. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಆದರೂ ನಾನು ಪ್ರತಿ ಸಲ ತಿರುಗಿ ನೋಡುತ್ತಿದ್ದೆ. ಈಗಲೂ ಆ ಮನೆಗೆ ಹೋದರೆ ಆ ಬಾಗಿಲಿಗೆ ಬೆನ್ನು ಹಾಕಿ ಕೂರಲು ನನಗಾಗುವುದಿಲ್ಲ.

ತಿಥಿಯ ದಿನ ಮೈಸೂರಿನಿಂದ ಬಂದವರು ಬೆರಳೆಣಿಕೆಯಷ್ಟು ಜನ. ಊಟದ ಹೊತ್ತಿಗೆ ಅಂಗಳದಲ್ಲಿ ಒಬ್ಬರು ಹೆಂಗಸು ಬಂದು ನಿಂತರು. ತಲೆ ನರೆತಿತ್ತು, ಆದರೂ ತಕ್ಷಣ ಗುರುತು ಹತ್ತಿತು. ಅಧ್ಯಕ್ಷೆ. ಒಬ್ಬರೇ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಫೋಟೋದ ಮುಂದೆ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದರು.

"ಆವತ್ತು ನಾನು ಊಂ, ಯೇಳಿದ್ದೆ ಅನ್ನಾಕೇ ಬಾಯ್ ತಗ್ದಿದ್ದು ಕಣವ್ವ" ಎಂದರು. "ಮಾದಪ್ಪನ ಮುಂದೆ ಸುಳ್ಳು ಯೇಳಾಕಾದದ್ದಾ? ಬಟ್ಟೆ ಗಂಟು ಕಟ್ಟಿ ಬಾಗ್ಲ ಸಂದೀಲಿ ಮಡಗಿ ಬಂದಿದ್ದೆ. ನಮ್ಮಣ್ಣಂಗೆ ಫೋನ್ ಮಾಡ್ಬುಟ್ಟು ಬತ್ತೀನಿ ಅಂದಿದ್ದೆ. ಊರೋರ ಮುಂದೆ ಎಲ್ಲಾನೂ ಅಂದ್ಬುಟ್ಟು, ಮಗಿನ ಕರ್ಕಂಡು ನಡ್ದುಬುಡವ ಅಂತಿದ್ದೆ. ಇವ್ರು ಬಂದು ಕರ್ಪೂರ ಬಡುದ್ಬುಟ್ರು."

ಆಕೆ ನಿಲ್ಲಿಸಲಿಲ್ಲ.

"ನನ್ ಮನೆ ಉಳುಸ್ದೆ ಅಂದ್ಕಂಡಿದ್ರೇನೋ. ಆ ಮನೇಲಿ ಇನ್ನೂ ಇವ್ನಿ. ಅದಾದ್ಮೇಲೆ ನಾನು ನೀರಿನ ಮಾತು ಎತ್ತುದ್ರೆ, ಇದ್ನೂ ಆ ಮೇಡಮ್ಮೋರೇ ಕಟ್ಟಿ ಯೇಳ್ಕೊಟ್ಟವ್ರೆ ಅಂತ ನಗಾಡ್ತಾರೆ. ಕರ್ಪೂರ ಆರುದ್ಮೇಲೆ ಮಾತೆಲ್ಲದೆ? ಕೇರಿಗೆ ತಣ್ಣಿ ಇವತ್ಗೂ ಬಂದಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಕ್ವಾಪ ಇಲ್ಲ ಕಣವ್ವ. ನನಗೋಸ್ಕರ ಕೈ ಸುಟ್ಕಂಡೋರು ಈ ಜಗತ್ತಲ್ಲಿ ಅವ್ರೊಬ್ರೇ. ಆದ್ರೆ ಎಲ್ಲಾನೂ ಕೇಳ್ತಿದ್ರಲ್ಲ, ಅದೊಂದ ಯಾಕವ್ವ ಕೇಳ್ನಿಲ್ಲ?"

ಮೇಡಂ ಕೊನೆಯವರೆಗೂ ಕಾಯುತ್ತಿದ್ದ ಮಾತು ಇದೇ. ಅವರಿಗೆ ಅತಿ ಹೆಚ್ಚು ಭಯವಿದ್ದ ಮಾತೂ ಇದೇ. ಹೆಂಗಸರ ಮಾತು ಕೇಳಿಸಲೆಂದು ಇಡೀ ಆಯುಷ್ಯ ಸವೆಸಿದವರು, ತಮ್ಮ ಬದುಕನ್ನೇ ಒತ್ತೆಯಿಟ್ಟು, ಒಬ್ಬ ಹೆಂಗಸಿನ ಬಾಯಿ ಮುಚ್ಚಿಸಿದ್ದರು. ಅದೂ ಪ್ರೀತಿಯಿಂದ. ಅವರು ಇದನ್ನು ಕೇಳಿಸಿಕೊಳ್ಳದೆ ಹೋದದ್ದು ಒಳ್ಳೆಯದಾಯಿತೋ ಅನ್ಯಾಯವಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಅನಿಸುತ್ತದೆ. ಒಬ್ಬಳೇ ಇದ್ದಾಗ ಎರಡಕ್ಕೂ ಅಳು ಬರುತ್ತದೆ.

ಹೊರಡುವ ಮುಂಚೆ ಆಕೆ, "ನೀನು ಬರಿಯೋಳಂತೆ. ನಾ ಯೇಳಿದ್ದೆ ಅಂತ ಬರಿ. ಮೇಡಮ್ಮೋರು ಕಟ್ನಿಲ್ಲ ಅಂತ ಬರಿ" ಎಂದರು.

ನಾನು ಕೇಳಿದೆ: "ಹೆಸರು ಬೇರೆ ಹಾಕಲಾ ಅಕ್ಕ?"

"ಬ್ಯಾಡ. ನಂದೇ ಆಕು."

"ಮನೆಯಲ್ಲಿ?"

"ಓಡುಸ್ತಾನಾ? ಓಡುಸ್ಲಿ. ಆವತ್ತು ಓಗ್ಬೇಕಾಗಿದ್ದೋಳು ಇವತ್ತು ಓಯ್ತೀನಿ."

ಮೇಡಂ ಏನನ್ನೂ ಕಟ್ಟಿ ಬರೆದಿರಲಿಲ್ಲ. ಆ ಮಾತನ್ನು ಹೇಳಿದವರ ಹೆಸರು ಪೊನ್ನುತಾಯಿ.